ಇಂದ್ರಾಣಿ ನದಿ: ಪುನಶ್ಚೇತನ

ಇಂದ್ರಾಣಿಯು ಉಡುಪಿಯ ಕಲ್ಸಂಕ, ನಿಟ್ಟೂರು, ಕೊಡವೂರು, ಕಲ್ಮಾಡಿ ಬದಿಯಾಗಿ ಹರಿದು ಮಲ್ಪೆಯ ಬಳಿ ಉಪ್ಪುನೀರು ಸೇರುವ ಕಿರುನದಿ. ಇಂದ್ರಾಳಿ ಸಮೀಪದ ಇಂದ್ರಾಣಿ ತೀರ್ಥವನ್ನು ಇದರ ಮೂಲವೆನ್ನುತ್ತಾರೆ. ನಗರದ ಕೊಳಚೆ ಸೇರಿ ದಡದ ಬಾವಿಗಳೂ ಕೆಟ್ಟಿವೆಯೆಂಬುದು ನಿವಾಸಿಗಳ ಹಳೆಯ ದೂರು. ನದಿಯ ಪುನಶ್ಚೇತನಕ್ಕೆ ಪ್ಲಾಸ್ಟಿಕ್ ಹೆಕ್ಕುವ ಶ್ರಮದಾನ ಕಣ್ಣಿಗೆ ಕಾಣುವ ಕೆಲಸ. ಕೊಳಚೆ ನಿಲ್ಲದಿದ್ದರೆ ಅದರ ಫಲ ಅಲ್ಪಕಾಲದ್ದು. ನೀರಿನಂತೆ ದಡವೂ ಉಳಿಯಬೇಕು. ಸಿಹಿನೀರಿನ ದಡದ ಮಣ್ಣನ್ನು ಮುಂಡುಗ, ಹೊಂಗೆಗಳ ಬೇರು ಹಿಡಿದಿಡುತ್ತದೆ. ಉಬ್ಬರದ ನೀರು ಏರುವ ಕೆಳಭಾಗದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡವೇ ಸೈ. ಕಲ್ಲಿನ ತಡೆಗೋಡೆ ಎದ್ದಲ್ಲಿ ಇವಕ್ಕೆ ಜಾಗವಿಲ್ಲ.

ಮಳೆ ನಿಂತ ಮೇಲೆ ಊರವರು ಕೂಡಿ ತೋಡಿಗೆ (ಹಳ್ಳಕ್ಕೆ) ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಹಾಕಿ ಅಂತರ್ಜಲ ಉಳಿಸುವುದು ಕರಾವಳಿಯ ಹಳೆಯ ಕ್ರಮ. ಕಾಸರಗೋಡಿನ ಪಡ್ರೆಯಲ್ಲಿ ಅದು ಮತ್ತೆ ಚಿಗುರಿದೆ. ಕೊಳಚೆ ಹರಿಯುವಲ್ಲಿ ಅದೇ ಕಟ್ಟ ಹಾಕಿದರೆ ಬಾವಿಗಿಳಿಯುವುದೂ ಕೊಳಚೆಯೇ.