ಹಾರಿದ ಮೈಲಿಯ ಬೆಲೆ

‘ಮೈಲಿ’ ಎಂಬುದು ಹೊರಗಿನಿಂದ ಬಂದ ಮಾತು. ಸಾವಿರ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಹುಟ್ಟಿ, ರೋಮನರ ಕಾಲದಲ್ಲಿ ಸಾವಿರ ಹೆಜ್ಜೆಗಳ ದೂರವನ್ನು ಸೂಚಿಸುತ್ತಿದ್ದ ಈ ಮಾತು, ಇಂಗ್ಲಿಷರ ಕೂಡ ನಮ್ಮ ನಾಡಿಗೆ ಬಂದು, ಹರದಾರಿ ಗಾವುದಗಳನ್ನು ಹಿಂದಕ್ಕೆ ಸರಿಸಿ, ದಾರಿಯ ಮಗ್ಗುಲಲ್ಲಿ ಕಲ್ಲಾಗಿ ನಿಂತಿತು. ಕಿಲೋಮೀಟರು ಬಂದ ಮೇಲೆ ಅದರ ಆಳ್ವಿಕೆಯೂ ಮುಗಿಯಿತು. ಆದರೆ ಅದೇ ಮಾತು ಇತ್ತೀಚಿನ ನಾಲ್ಕು ದಶಕಗಳಲ್ಲಿ ಬೇರೊಂದು ಅರ್ಥವನ್ನು ತಳೆದು ಮತ್ತೆ ನಮ್ಮ ಮನೆಗಳನ್ನು ಹೊಕ್ಕಿದೆ. ಈಗ ಮೈಲಿಯೆಂದರೆ ದೂರವಷ್ಟೇ ಅಲ್ಲ, ಒಂದು ಬಗೆಯ ಹಣ. ವಿಮಾನದಲ್ಲಿ ಹೋಗಿಬಂದವರ ಲೆಕ್ಕಕ್ಕೆ ವಿಮಾನದ ಕಂಪೆನಿಯು ಇಷ್ಟು ಮೈಲಿಯೆಂದು ಜಮಾ ಮಾಡುತ್ತದೆ; ಅವು ಸಾಕಷ್ಟು ಕೂಡಿದಾಗ ಬಿಟ್ಟಿಯಾಗಿ ಒಂದು ಟಿಕೆಟ್ಟನ್ನು ಕೊಡುತ್ತದೆ. ನಿಮ್ಮ ಮನೆಯಲ್ಲಿಯೂ ಯಾರಾದರೊಬ್ಬರ ಹೆಸರಿನಲ್ಲಿ ಇಂತಹ ಮೈಲಿಗಳು ಬಿದ್ದಿರಬಹುದು. ಈ ಹಣವು ಹುಟ್ಟಿದ್ದು ಹೇಗೆ, ಕೂಡಿಟ್ಟರೆ ಅದು ಉಳಿಯುತ್ತದೆಯೇ ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ನೋಡೋಣ.

ಇದರ ಜನ್ಮಸ್ಥಾನ ಅಮೆರಿಕ ಸಂಯುಕ್ತ ಸಂಸ್ಥಾನ. 1978ರವರೆಗೂ ಆ ದೇಶದೊಳಗಣ ವಿಮಾನ ಪ್ರಯಾಣದ ದರಗಳು ಸರಕಾರದ ಮಂಡಲಿಯೊಂದರ ಅಂಕೆಯಲ್ಲಿದ್ದುವು. ಯಾವ ಕಂಪೆನಿಯ ವಿಮಾನ ಹತ್ತಿದರೂ ದರ ಹೆಚ್ಚುಕಡಿಮೆ ಒಂದೇ. ಆ ವರ್ಷದ ಅಕ್ಟೋಬರಿನಲ್ಲಿ ಅಧ್ಯಕ್ಷ ಕಾರ್ಟರರು ಹೊಸ ಶಾಸನಕ್ಕೆ ಸಹಿ ಹಾಕಲು, ಈ ಕಟ್ಟು ಸಡಿಲಿತು. ದರದ ಪೈಪೋಟಿ ತೊಡಗಿತು. ಇಂದು ಒಬ್ಬರಲ್ಲಿ, ನಾಳೆ ಮತ್ತೊಬ್ಬರಲ್ಲಿ ಟಿಕೆಟ್ಟು ಕೊಳ್ಳುವ ಗಿರಾಕಿಯನ್ನು ಕಟ್ಟಿಹಾಕುವ ಬಗೆ ಯಾವುದು? ಅಮೆರಿಕನ್ ಏರ್‌ಲೈನ್ಸ್ ಕಂಪೆನಿಯು ತನ್ನ ಗಣಕಯಂತ್ರದ ದಾಖಲೆಗಳಿಂದ ಪದೇ ಪದೇ ಪ್ರಯಾಣ ಮಾಡುವವರನ್ನು ಆರಿಸಿ, 1981ರ ಮೇ 1ರಂದು ಅವರಿಗಾಗಿ ‘ಅಡ್ವಾಂಟೇಜ್’ ಎಂಬ ಯೋಜನೆಯನ್ನು ತೆರೆಯಿತು. ಅದೇ ತಿಂಗಳು ಯುನೈಟೆಡ್ ಕಂಪೆನಿಯೂ ತನ್ನದೊಂದನ್ನು ಹೂಡಿತು. ಉಳಿದವರು ಹಿಂದೆಯೇ ಬಂದರು.

ಆರಂಭದಲ್ಲಿ ಈ ಕೊಡುಗೆಯಿಂದ ಕಂಪೆನಿಗೆ ಆಗುತ್ತಿದ್ದ ನಷ್ಟ ಅಲ್ಪವೇ. ಹೇಗಿದ್ದರೂ ಖಾಲಿಯಾಗಿ ಹಾರುವ ಆಸನದಲ್ಲಿ ಒಬ್ಬ ನಂಟನನ್ನು ಕೂರಿಸಿದಂತೆ. ಆದರೆ ಮೈಲಿಯನ್ನು ಹಂಚುವುದು ಸುಲಭ, ಆಸನಗಳನ್ನು ಹೆಚ್ಚಿಸುವುದು ಕಷ್ಟ. 1987ರಲ್ಲಿ ಸಿಟಿಬ್ಯಾಂಕಿನವರು ಅಮೆರಿಕನ್ ಕಂಪೆನಿಯೊಡನೆ ಸೇರಿ ಒಂದು ಕ್ರೆಡಿಟ್ ಕಾರ್ಡನ್ನು ಹೊರಡಿಸಿದರು. ಅಲ್ಲಿಂದ ಮುಂದೆ ಮೈಲಿಯನ್ನು ಗಳಿಸಲು ಹಾರಲೇಬೇಕೆಂಬ ನಿಯಮವಿಲ್ಲವಾಯಿತು; ಅಂಗಡಿಯಲ್ಲಿ ಸಾಮಾನು ಕೊಂಡರೂ ಸಾಕು. ಮರುವರ್ಷ ಕಂಪೆನಿಗಳು ಒಬ್ಬರನ್ನೊಬ್ಬರು ಮೀರಿಸಲೆಂದು ಒಂದು ಮೈಲಿಗೆ ಮೂರು ಮೈಲಿ ಕೊಡತೊಡಗಿದುವು. ಟಂಕಸಾಲೆಯ ಬಾಗಿಲು ಹಗಲಿರುಳೂ ತೆರೆದಂತಾಯಿತು. ಲಂಡನ್ನಿನ ‘ಎಕನಾಮಿಸ್ಟ್’ ಪತ್ರಿಕೆ 2005ರ ಜನವರಿಯಲ್ಲಿ ಲೆಕ್ಕ ಹಾಕಿ, ಲೋಕದಲ್ಲಿ ಬಳಕೆಯಾಗದೆ ಉಳಿದಿರುವ ಮೈಲಿಗಳು ಸುಮಾರು 14 ಲಕ್ಷ ಕೋಟಿಯೆಂದೂ, ಅವುಗಳ ಮೌಲ್ಯ ಚಲಾವಣೆಯಲ್ಲಿರುವ ಎಲ್ಲ ಡಾಲರ್ ನೋಟುಗಳ ಮೊತ್ತವನ್ನು ಮೀರಿಸುತ್ತದೆಂದೂ ಬರೆಯಿತು.

ಟಂಕಸಾಲೆಯಿಂದ ನಾಣ್ಯ ಮಿತಿಮೀರಿ ಹೊರಬಿದ್ದಾಗ ಏನಾಗುವುದೆಂಬುದು ಚರಿತ್ರೆಯನ್ನು ಓದಿದವರಿಗೆ ಹೊಸದಲ್ಲ: ನಾಣ್ಯದ ಬೆಲೆ ಇಳಿಯುತ್ತದೆ. ಮೈಲಿಯ ಬೆಲೆಯೂ ಇಳಿಯಿತು. ಇಳಿದ ಬಗೆ ಮಾತ್ರ ಬಲು ನಯವಾದುದು. ಅಮೆರಿಕದೊಳಗೆ ಹೋಗಿಬರುವ ಒಂದು ಬಿಟ್ಟಿ ಟಿಕೆಟ್ಟಿಗೆ 20,000 ಮೈಲಿ ಸಾಕಾಗಿದ್ದುದನ್ನು 1995ರಲ್ಲಿ ದೊಡ್ಡ ಕಂಪೆನಿಗಳು 25,000ಕ್ಕೆ ಏರಿಸಿದುವು. ನಿಮ್ಮ ಲೆಕ್ಕದಲ್ಲಿ 20,000 ಇದ್ದಿತೆನ್ನಿ. ಏರಿಕೆಯ ಮರುದಿನವೂ ಅಷ್ಟೇ ಇರುತ್ತಿತ್ತು. ಒಂದು ಮೈಲಿಯೂ ಕಳವಾಗುತ್ತಿರಲಿಲ್ಲ. ಆದರೆ ಅವುಗಳ ಬೆಲೆಯಲ್ಲಿ ಐದನೆಯ ಒಂದು ಪಾಲು ಹೋಗಿರುತ್ತಿತ್ತು, ಕೈಗೆ ಬರಲಿದ್ದ ಟಿಕೆಟ್ಟು ದೂರ ಸರಿದಿರುತ್ತಿತ್ತು.

ಹೀಗೆ ನಡುವೆ ನಿಯಮ ಬದಲಿಸುವುದು ನ್ಯಾಯವೇ ಎಂದು ನೀವು ಕೇಳಬಹುದು. ಅಲ್ಲಿಯ ಪ್ರಯಾಣಿಕರೂ ಕೇಳಿದರು. 1988ರಲ್ಲಿ ಅಮೆರಿಕನ್ ಕಂಪೆನಿಯು ಮೈಲಿಯ ಟಿಕೆಟ್ಟಿಗೆ ಇಂತಿಷ್ಟೇ ಆಸನವೆಂದು ಮಿತಿಯನ್ನೂ, ಕೆಲವು ದಿನಗಳಲ್ಲಿ ಅದು ಸಲ್ಲದೆಂಬ ನಿಷೇಧವನ್ನೂ ತಂದು, ಹಿಂದೆಯೇ ಗಳಿಸಿದ್ದ ಮೈಲಿಗಳಿಗೂ ಅನ್ವಯಿಸಿದಾಗ, ಇಲಿನಾಯ್ ಸಂಸ್ಥಾನದಲ್ಲಿ ವ್ಯಾಜ್ಯ ಹೂಡಲಾಯಿತು. ಅದು ಆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, 1995ರ ಜನವರಿಯಲ್ಲಿ ತೀರ್ಪು ಬಂತು. ಗ್ರಾಹಕರಿಗೆ ವಂಚನೆಯಾಯಿತೆಂದು ಸಂಸ್ಥಾನದ ಕಾನೂನಿನ ಮೇರೆಗೆ ದಾವೆ ಹೂಡುವಂತಿಲ್ಲ. ಕಂಪೆನಿಯು ತಾನೇ ಒಪ್ಪಿಕೊಂಡ ಕರಾರನ್ನು ಮುರಿದಿದ್ದರೆ ಅಷ್ಟರ ಮಟ್ಟಿಗೆ ಕೇಳಬಹುದು ಎಂದು ನ್ಯಾಯಾಲಯ ಹೇಳಿತು. ಕಂಪೆನಿಗಳಿಗೆ ಅಷ್ಟೇ ಬೇಕಾಗಿತ್ತು. ನಿಯಮಗಳನ್ನು ಬದಲಿಸುವ ಹಕ್ಕನ್ನು ಕರಾರಿನಲ್ಲಿಯೇ ಸ್ಪಷ್ಟವಾಗಿ ಬರೆದುಕೊಂಡರಾಯಿತು!

ದೆಹಲಿಯ ಸುಲ್ತಾನ ಮುಹಮ್ಮದ್ ತುಘಲಕನನ್ನು ನಾವು ಹುಚ್ಚುದೊರೆಯೆಂದು ನಗುತ್ತೇವೆ. ಆತ 1330ರ ಸುಮಾರಿಗೆ ತಾಮ್ರ ಹಿತ್ತಾಳೆಗಳ ನಾಣ್ಯವನ್ನು ಬೆಳ್ಳಿಯ ಬೆಲೆಗೆ ಚಲಾಯಿಸಿ ಸೋತ. ಆದರೂ ಕೊನೆಗೆ ಆ ನಾಣ್ಯಗಳನ್ನು ತಂದೊಪ್ಪಿಸಿದವರಿಗೆ ಬೊಕ್ಕಸದಿಂದ ಬೆಳ್ಳಿ ಬಂಗಾರಗಳನ್ನು ಎಣಿಸಿಕೊಟ್ಟ. ಮೈಲಿಯನ್ನು ಹೊರಡಿಸುವವರಿಗೆ ಅಷ್ಟರ ಹಂಗೂ ಇಲ್ಲ.

ಮುಂದಿನ ಬದಲಾವಣೆ ಇನ್ನೂ ಸೂಕ್ಷ್ಮ. 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್, 2016ರಲ್ಲಿ ಅಮೆರಿಕನ್, ಹಾರಿದ ದೂರಕ್ಕೆ ಮೈಲಿ ಕೊಡುವುದನ್ನು ಬಿಟ್ಟು ತೆತ್ತ ಹಣಕ್ಕೆ ತಕ್ಕಂತೆ ಕೊಡಲಾರಂಭಿಸಿದುವು. ಹೆಸರು ಮೈಲಿಯೆಂದೇ ಉಳಿಯಿತು, ದೂರ ಮಾತ್ರ ಅದರಿಂದ ಹೊರಟುಹೋಯಿತು. ಯಾವ ಊರಿಗೆ ಎಷ್ಟು ಮೈಲಿಯೆಂದು ಅಚ್ಚುಮಾಡಿ ತಿಳಿಸುತ್ತಿದ್ದ ಪಟ್ಟಿಯನ್ನು ಡೆಲ್ಟಾ 2015ರಲ್ಲಿಯೂ, ಯುನೈಟೆಡ್ 2019ರಲ್ಲಿಯೂ ತೆಗೆದುಹಾಕಿದುವು. ಮೈಲಿಗೆ ಇನ್ನು ವಾಯಿದೆಯಿಲ್ಲ, ಅದು ರದ್ದಾಗುವುದಿಲ್ಲ ಎಂದು ಡೆಲ್ಟಾ 2011ರಲ್ಲಿ, ಯುನೈಟೆಡ್ 2019ರಲ್ಲಿ ಸಾರಿದುದೂ ನಿಜ. ಆದರೆ ಬೆಲೆಯ ಪಟ್ಟಿಯೇ ಇಲ್ಲದ ಮೇಲೆ, ಸಾಯದ ಮೈಲಿಯು ಸದ್ದಿಲ್ಲದೆ ಸೊರಗಬಹುದಷ್ಟೆ.

ಕಂಪೆನಿಯೇ ಮುಳುಗಿದರೆ? ಆಸ್ಟ್ರೇಲಿಯದ ಆನ್ಸೆಟ್ 2001ರ ಸೆಪ್ಟೆಂಬರಿನಲ್ಲಿ ಕುಸಿದಾಗ ಅದರ ಸದಸ್ಯರ ಗಳಿಕೆ ಬರಿಯ ಅಂಕಿಯಾಗಿ ಉಳಿಯಿತು. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ವಿಮಾನಗಳು 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿದು ನಿಂತಾಗ ‘ಕಿಂಗ್ ಮೈಲಿ’ಗಳ ಗತಿಯೂ ಅದೇ. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ನಿಂತಾಗ ಮಾತ್ರ ಕಥೆ ಬೇರೆ. ಅದರ ಮೈಲಿಗಳ ವ್ಯವಹಾರ ಪ್ರತ್ಯೇಕ ಕಂಪೆನಿಯ ಕೈಯಲ್ಲಿದ್ದುದರಿಂದ, ವಿಮಾನ ಹೋದರೂ ಮೈಲಿ ಬದುಕಿ, ಅದೇ ವರ್ಷ ಇಂಟರ್‌ಮೈಲ್ಸ್ ಎಂಬ ಹೊಸ ಹೆಸರು ಪಡೆಯಿತು. 2024ರ ನವೆಂಬರಿನಲ್ಲಿ ವಿಸ್ತಾರ ಕಂಪೆನಿ ಏರ್ ಇಂಡಿಯಾದಲ್ಲಿ ಲೀನವಾದಾಗ ಸದಸ್ಯರ ಅಂಕಗಳು ಹೊಸ ಖಾತೆಗೆ ವರ್ಗವಾದುವು.

ಇಲ್ಲೊಂದು ವಿಚಿತ್ರವನ್ನು ಗಮನಿಸಿ. 2020ರ ಸಾಂಕ್ರಾಮಿಕ ರೋಗದಿಂದ ವಿಮಾನಗಳು ನಿಂತಾಗ, ಅಮೆರಿಕದ ಕಂಪೆನಿಗಳು ಸಾಲಕ್ಕಾಗಿ ಒತ್ತೆಯಿಟ್ಟದ್ದು ತಮ್ಮ ಮೈಲಿ ಯೋಜನೆಗಳನ್ನೇ. ಡೆಲ್ಟಾ ಆ ವರ್ಷ 900 ಕೋಟಿ ಡಾಲರುಗಳನ್ನೂ, ಅಮೆರಿಕನ್ ಮರುವರ್ಷ 1,000 ಕೋಟಿ ಡಾಲರುಗಳನ್ನೂ ಹೀಗೆ ಎತ್ತಿದುವು. ಬ್ಯಾಂಕುಗಳು ತಮ್ಮ ಗಿರಾಕಿಗಳಿಗೆ ಹಂಚಲೆಂದು ರೊಕ್ಕ ತೆತ್ತು ಮೈಲಿಗಳನ್ನು ಕೊಳ್ಳುವುದರಿಂದ ಆ ಯೋಜನೆಗಳು ಹಣದ ಊಟೆಗಳಾಗಿವೆ. ಕೊಡುವವನಿಗೆ ಅದು ಸಾಲ ತರುವ ಸೊತ್ತು, ಪಡೆದವನಿಗೆ ಬರಿಯ ಮಾತು.

ಆದುದರಿಂದ ಈ ಚರಿತ್ರೆ ನಮಗೆ ಹೇಳುವ ಬುದ್ಧಿ ಇಷ್ಟೆ. ಹಗೇವಿನಲ್ಲಿ ತುಂಬಿದ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಬ್ಯಾಂಕಿನಲ್ಲಿಟ್ಟ ಹಣ ಬಡ್ಡಿಯನ್ನಾದರೂ ಕೊಡುತ್ತದೆ. ಮೈಲಿಗೆ ಬಡ್ಡಿಯಿಲ್ಲ, ಅದರ ಬೆಲೆಯನ್ನು ಕಟ್ಟುವವನೂ ಇಳಿಸುವವನೂ ಒಬ್ಬನೇ. ಮಗಳ ಮದುವೆಗೋ ಮುಪ್ಪಿನ ಯಾತ್ರೆಗೋ ಇರಲೆಂದು ಅದನ್ನು ಕೂಡಿಡುವುದು ಉಳಿತಾಯವಲ್ಲ. ನಿಮ್ಮ ಲೆಕ್ಕದಲ್ಲಿ ಒಂದು ಟಿಕೆಟ್ಟಿಗಾಗುವಷ್ಟು ಮೈಲಿ ಸೇರಿದ್ದರೆ, ದೂರದಲ್ಲಿರುವ ಮಕ್ಕಳನ್ನೋ ಒಡಹುಟ್ಟಿದವರನ್ನೋ ಈ ವರ್ಷವೇ ಹೋಗಿ ನೋಡಿ ಬನ್ನಿ.