ಎಂಟು ಗಂಟೆಗಳ ಬೆಲೆ: ಒಂದು ಪ್ರತಿವಿಷದ ಇತಿಹಾಸ

ಜ್ವರ, ತಲೆನೋವು, ಮೈಕೈ ನೋವು ಬಂದರೆ ನಾವು ಮೊದಲು ಹುಡುಕುವುದು ಪ್ಯಾರಸಿಟಮಾಲ್ ಮಾತ್ರೆಯನ್ನು. ಕ್ರೋಸಿನ್, ಡೋಲೋ, ಕಾಲ್ಪಾಲ್ ಎಂದು ಹೆಸರು ಬೇರೆಯಾದರೂ ಔಷಧ ಒಂದೇ. ಹೇಳಿದ ಪ್ರಮಾಣದಲ್ಲಿ ಸೇವಿಸಿದರೆ ಉಪಕಾರಿ. ಪ್ರಮಾಣ ಮೀರಿದರೆ ಅದೇ ಮಾತ್ರೆ ಯಕೃತ್ತಿಗೆ, ಅಂದರೆ ಲಿವರ್‌ಗೆ, ವಿಷವಾಗುತ್ತದೆ. ಆ ವಿಷಕ್ಕೂ ಪ್ರತಿವಿಷವಿದೆ. ಉರ್ದುವಿನಲ್ಲಿ ಇದಕ್ಕೆ ‘ತಿರ್ಯಾಕ್’ ಎನ್ನುತ್ತೇವೆ. ಅದು ದೊರೆತ ಬಗೆಯನ್ನು ವಿದ್ಯಾರ್ಥಿಗಳು ತಿಳಿಯಬೇಕು.

ಪ್ಯಾರಸಿಟಮಾಲ್ 19ನೇ ಶತಮಾನದಲ್ಲೇ ತಯಾರಾಗಿದ್ದರೂ ಬಹುಕಾಲ ಮೂಲೆಗುಂಪಾಗಿತ್ತು. 1948ರಲ್ಲಿ ಅಮೆರಿಕದ ಬ್ರೋಡಿ ಮತ್ತು ಆಕ್ಸೆಲ್‌ರಾಡ್ ಅದರ ಗುಣವನ್ನು ಮತ್ತೆ ಬೆಳಕಿಗೆ ತಂದರು. 1956ರಲ್ಲಿ ಬ್ರಿಟನ್ನಿನಲ್ಲಿ ಮಾರಾಟ ಆರಂಭವಾಯಿತು. ಹತ್ತೇ ವರ್ಷಗಳಲ್ಲಿ, 1966ರಲ್ಲಿ, ಅತಿಸೇವನೆಯಿಂದ ಯಕೃತ್ತು ನಾಶವಾಗಿ ರೋಗಿಗಳು ಸತ್ತ ವರದಿ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹೀಗೇಕಾಗುತ್ತದೆ? 1973ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಿಚೆಲ್ ಮತ್ತು ಸಂಗಡಿಗರು ಉತ್ತರ ಕೊಟ್ಟರು. ಔಷಧದ ಒಂದು ಸಣ್ಣ ಭಾಗ ಯಕೃತ್ತಿನಲ್ಲಿ ವಿಷವಸ್ತುವಾಗಿ ಮಾರ್ಪಡುತ್ತದೆ. ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಅದನ್ನು ನಿರಪಾಯಗೊಳಿಸುತ್ತದೆ. ಮಾತ್ರೆ ಅತಿಯಾದಾಗ ಈ ರಕ್ಷಕ ಮುಗಿದುಹೋಗುತ್ತದೆ, ವಿಷ ನೇರವಾಗಿ ಜೀವಕೋಶಗಳ ಮೇಲೆ ಎರಗುತ್ತದೆ. ಹಾಗಾದರೆ ರಕ್ಷಕವನ್ನು ಮತ್ತೆ ತುಂಬಿಕೊಡಬಾರದೇಕೆ?

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ವೈದ್ಯ ಪ್ರೆಸ್ಕಾಟ್ ಮತ್ತು ತಂಡದವರು ಮೊದಲು ಸಿಸ್ಟಿಯಮೀನ್ ಎಂಬ ವಸ್ತುವನ್ನು ಪರೀಕ್ಷಿಸಿದರು. ಗುಣ ಕಂಡರೂ ಅದರಿಂದ ರೋಗಿಗಳಿಗೆ ವಾಂತಿಯ ಕಾಟ ಹೆಚ್ಚಾಯಿತು. ಬಳಿಕ ಅವರು ಆರಿಸಿದ್ದು ಕಟ್ಟಿದ ಕಫ ಕರಗಿಸಲು ಆಗಲೇ ಬಳಕೆಯಲ್ಲಿದ್ದ ಅಸಿಟೈಲ್‌ಸಿಸ್ಟೀನ್ ಔಷಧವನ್ನು. ದೇಹ ಇದರಿಂದ ಗ್ಲುಟಾಥಯೋನ್ ತಯಾರಿಸಿಕೊಳ್ಳುತ್ತದೆ. ರಕ್ತನಾಳದ ಮೂಲಕ ಅದನ್ನು ಕೊಟ್ಟ 100 ರೋಗಿಗಳ ಫಲಿತಾಂಶ 1979ರಲ್ಲಿ ಪ್ರಕಟವಾಯಿತು. 10 ಗಂಟೆಗಳೊಳಗೆ ಚಿಕಿತ್ಸೆ ಪಡೆದ 62 ಮಂದಿಯಲ್ಲಿ ಒಬ್ಬರಿಗೆ ಮಾತ್ರ ತೀವ್ರ ಯಕೃತ್ ಹಾನಿಯಾಗಿತ್ತು. ಪ್ರತಿವಿಷ ಸಿಗದ ಹಿಂದಿನ 57 ರೋಗಿಗಳಲ್ಲಿ 33 ಮಂದಿಗೆ ಹಾಗಾಗಿತ್ತು. ಪೂರ್ಣ ರಕ್ಷಣೆಗೆ ಸುಮಾರು 8 ಗಂಟೆಗಳ ಅವಧಿ ಎಂದು ಅವರು ಕಂಡುಕೊಂಡರು. ತಡವಾಗಿ ಕೊಟ್ಟರೂ ಪ್ರಯೋಜನವುಂಟೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಆದರೂ ಬೇಗ ಕೊಟ್ಟಷ್ಟು ಒಳ್ಳೆಯದು. ಇಂದು ಈ ಔಷಧ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ.

ಓದುಗರೇ, ಒಂದು ಮಾತು ಮನಸ್ಸಿನಲ್ಲಿಡಿ. ಈ ವಿಷ ಮೊದಲ ದಿನ ಮೌನವಾಗಿರುತ್ತದೆ. ಸ್ವಲ್ಪ ವಾಕರಿಕೆ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಕಣ್ಣು ಹಳದಿಯಾಗುವ ಹೊತ್ತಿಗೆ ಅಮೂಲ್ಯ ಗಂಟೆಗಳು ಕಳೆದಿರುತ್ತವೆ. ಆದ್ದರಿಂದ ಮಗು ಅರಿಯದೆ ನುಂಗಿರಲಿ, ನೆಗಡಿ ಮಾತ್ರೆಯ ಜೊತೆ ಜ್ವರದ ಮಾತ್ರೆ ಸೇರಿ ಪ್ರಮಾಣ ಮೀರಿರಲಿ, ನೊಂದ ಜೀವವೊಂದು ಬೇಕೆಂದೇ ಸೇವಿಸಿರಲಿ, ‘ಚೆನ್ನಾಗಿಯೇ ಇದ್ದಾರಲ್ಲ’ ಎಂದು ಕಾಯಬೇಡಿ. ಗದರಿಸುವುದು, ಮುಚ್ಚಿಡುವುದು ಬೇಡ. ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆಯ ಪಟ್ಟಿ ಜೊತೆಗಿರಲಿ, ನುಂಗಿದ ಸಮಯವನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ವಿಜ್ಞಾನಿಗಳು ವರ್ಷಗಟ್ಟಲೆ ದುಡಿದು ಪ್ರತಿವಿಷ ಕೊಟ್ಟಿದ್ದಾರೆ. ಅದು ಸಕಾಲಕ್ಕೆ ರೋಗಿಗೆ ಸಿಗುವಂತೆ ಮಾಡುವುದು ಮನೆಯವರ ಕೈಯಲ್ಲಿದೆ.