ಒಂದೇ ಹೆಸರು, ಎರಡು ಭೂಮಿ

ಅಮೆರಿಕದ ಡಿ.ಸಿ. ಕಾಮಿಕ್ಸ್ ಸಂಸ್ಥೆ ಹೊರತಂದ 'ದಿ ಫ್ಲ್ಯಾಶ್' ಮಾಲಿಕೆಯ 1961ರ ಸೆಪ್ಟೆಂಬರ್ ಸಂಚಿಕೆಯ ಮುಖಪುಟದ ನಡುವೆ ಒಂದು ಗೋಡೆ. ಅಪಾಯದಲ್ಲಿರುವ ವ್ಯಕ್ತಿಯನ್ನು ಉಳಿಸಲು ಗೋಡೆಯ ಎರಡೂ ಬದಿಯಿಂದ ಇಬ್ಬರು ಸಾಹಸಿಗಳು ಓಡಿಬರುತ್ತಿದ್ದಾರೆ. ಇಬ್ಬರ ಹೆಸರೂ ಫ್ಲ್ಯಾಶ್! ಸೂಪರ್‌ಹೀರೋ ಕಥೆಗಳಲ್ಲಿ ಇಂದು ಸಾಮಾನ್ಯವಾಗಿರುವ 'ಪರ್ಯಾಯ ಲೋಕ'ಗಳ ಸರಣಿಗೆ ನಾಂದಿ ಹಾಡಿದ್ದು ಈ ಸಂಚಿಕೆ.

ಇದರ ಹಿಂದೆ ಇದ್ದದ್ದು ಒಂದು ಪೇಚಾಟ. ಮೊದಲ ಫ್ಲ್ಯಾಶ್ ಆದ ಜೇ ಗ್ಯಾರಿಕ್ ಹುಟ್ಟಿದ್ದು 1940ರಲ್ಲಿ. ಎರಡನೇ ಮಹಾಯುದ್ಧದ ನಂತರ ಇಂಥ ನಾಯಕರ ಬೇಡಿಕೆ ಕುಸಿಯಿತು; 1949ರಲ್ಲಿ ಆತನ ಪತ್ರಿಕೆಯೂ ನಿಂತಿತು. 1956ರಲ್ಲಿ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಅದೇ ಹೆಸರನ್ನು ಬ್ಯಾರಿ ಅಲೆನ್ ಎಂಬ ಹೊಸ ನಾಯಕನಿಗೆ ಕೊಟ್ಟರು. ಹಾಗಾದರೆ ಹಳೆಯ ಫ್ಲ್ಯಾಶ್ ಎಲ್ಲಿ ಹೋದ?

ಲೇಖಕ ಗಾರ್ಡನರ್ ಫಾಕ್ಸ್ ಕೊಟ್ಟ ಉತ್ತರ ಸರಳ. ಒಂದೇ ಜಾಗದಲ್ಲಿ ಎರಡು ಭೂಮಿಗಳಿವೆ. ಅವುಗಳ ಕಂಪನದ ವೇಗ ಮಾತ್ರ ಬೇರೆ. ಹೀಗೆ ಹಳೆಯ ಕಥೆಗಳು ಸುಳ್ಳಾಗದೆ ಉಳಿದವು. ಆದರೆ 1963ರಲ್ಲಿ ಹೆಸರಿಡುವಾಗ ಮೊದಲು ಹುಟ್ಟಿದ ಲೋಕಕ್ಕೆ 'ಭೂಮಿ-ಎರಡು' ಎಂಬ ಹೆಸರು ಬಂತು. ಹಿರಿಯರು ಎರಡನೆಯ ಸಾಲಿಗೆ ಸರಿದರು.

ಆದರೂ ಆ ಲೋಕಕ್ಕೆ ಒಂದು ಸ್ವಾತಂತ್ರ್ಯ ದಕ್ಕಿತು. ಮುಖ್ಯ ಲೋಕದ ನಾಯಕರು ಎಷ್ಟು ವರ್ಷ ಕಳೆದರೂ ಯುವಕರೇ. ಭೂಮಿ-ಎರಡರಲ್ಲಿ ಸೂಪರ್‌ಮ್ಯಾನ್‌ನ ಕೂದಲು ನರೆಯಿತು, ಲೋಯಿಸ್ ಲೇನ್ ಜತೆ ಆತನ ಮದುವೆಯಾಯಿತು. ಬ್ಯಾಟ್‌ಮ್ಯಾನ್‌ಗೆ ಮಗಳಿದ್ದಳು, 1979ರಲ್ಲಿ ಆತ ಸತ್ತೂ ಹೋದ.

ಪ್ರತಿಸ್ಪರ್ಧಿ ಮಾರ್ವೆಲ್ ಸಂಸ್ಥೆಯ ದಾರಿ ಬೇರೆ. 1977ರಲ್ಲಿ ಅದು ಆರಂಭಿಸಿದ 'ವಾಟ್ ಇಫ್?' ಮಾಲಿಕೆ, 'ಹೀಗಾಗದೆ ಹಾಗಾಗಿದ್ದರೆ?' ಎಂದು ಕೇಳಿತು. ಸ್ಪೈಡರ್‌ಮ್ಯಾನ್ 'ಫೆಂಟಾಸ್ಟಿಕ್ ಫೋರ್' ತಂಡ ಸೇರಿದ್ದರೆ ಏನಾಗುತ್ತಿತ್ತು ಎಂಬುದೇ ಮೊದಲ ಕಥೆ. ಡಿ.ಸಿ.ಯ ಎರಡನೇ ಭೂಮಿ ಹಳೆಯದನ್ನು ಕಾಪಾಡಲು ಹುಟ್ಟಿದ್ದು. ಮಾರ್ವೆಲ್‌ನ ಈ ಲೋಕಗಳು ಒಂದು ತಿರುವಿನಲ್ಲಿ ಕವಲೊಡೆದಂಥವು.

ಕಾಲಕ್ರಮೇಣ ಡಿ.ಸಿ.ಯ ಭೂಮಿಗಳ ಸಂಖ್ಯೆ ಬೆಳೆಯಿತು. ಹೊಸ ಓದುಗರಿಗೆ ಇದು ಗೊಂದಲವೆಂದು ಭಾವಿಸಿದ ಸಂಸ್ಥೆ, 1985-86ರಲ್ಲಿ ಮಾರ್ವ್ ವುಲ್ಫ್‌ಮನ್ ಮತ್ತು ಚಿತ್ರಕಾರ ಜಾರ್ಜ್ ಪೆರೆಜ್ ಅವರ 12 ಸಂಚಿಕೆಗಳ ಕಥೆಯ ಮೂಲಕ ಎಲ್ಲವನ್ನೂ ಅಳಿಸಿ ಒಂದೇ ಭೂಮಿಯನ್ನು ಉಳಿಸಿತು. ಎರಡು ಲೋಕಗಳನ್ನು ಬೆಸೆದಿದ್ದ ಬ್ಯಾರಿ ಅಲೆನ್ ಅದರಲ್ಲೇ ಪ್ರಾಣ ತೆತ್ತ. ಲೆಕ್ಕ ಚೊಕ್ಕವಾಯಿತು, ಆದರೆ ಓದುಗರು ವರ್ಷಗಟ್ಟಲೆ ಪ್ರೀತಿಸಿದ ಎಷ್ಟೋ ಕಥೆಗಳು 'ನಡೆದೇ ಇಲ್ಲ' ಎಂದಾಯಿತು. ಈ ಏರ್ಪಾಡೂ ಶಾಶ್ವತವಾಗಲಿಲ್ಲ. ಸುಮಾರು ಎರಡು ದಶಕಗಳ ಬಳಿಕ '52' ಎಂಬ ಮಾಲಿಕೆಯಲ್ಲಿ ಅಷ್ಟೇ ಸಂಖ್ಯೆಯ ಲೋಕಗಳು ಮರಳಿದವು.

ಮಾರ್ವೆಲ್ ಕೂಡ 2000ದಲ್ಲಿ ಹೊಸ ಓದುಗರಿಗೆಂದೇ 'ಅಲ್ಟಿಮೇಟ್' ಲೋಕವನ್ನು ಕಟ್ಟಿತು. 2011ರಲ್ಲಿ ಅಲ್ಲಿನ ಪೀಟರ್ ಪಾರ್ಕರ್ ಸತ್ತಾಗ, ಮೈಲ್ಸ್ ಮೊರಾಲೆಸ್ ಎಂಬ ಹುಡುಗ ಸ್ಪೈಡರ್‌ಮ್ಯಾನ್ ಆದ. 2015ರಲ್ಲಿ ಆ ಲೋಕವನ್ನು ಮುಗಿಸಿದರೂ ಮೈಲ್ಸ್‌ನನ್ನು ಕೈಬಿಡಲಿಲ್ಲ. ಆತನನ್ನು ಮುಖ್ಯ ಲೋಕಕ್ಕೆ ಕರೆತಂದರು. ಆತನೇ ನಾಯಕನಾದ 2018ರ ಅನಿಮೇಷನ್ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿಯೂ ಸಂದಿತು.

ಲೋಕಗಳನ್ನು ಕಟ್ಟುವುದೂ ಕೆಡವುವುದೂ ಪ್ರಕಾಶಕರ ಕೈಯಲ್ಲಿದೆ. ಓದುಗರು ಮನಸ್ಸಿನಲ್ಲಿ ಉಳಿಸಿಕೊಂಡ ಕಥೆಯನ್ನು ಅಳಿಸುವುದು ಮಾತ್ರ ಅವರಿಗೂ ಸಾಧ್ಯವಾಗಿಲ್ಲ.